ಪಿಕಪ್ ವಾಹನ: ಕಂಪನಿ ಕೊಟ್ಟದ್ದರಲ್ಲಿ ಹೈನುಗಾರರಿಗೆ ಒದಗುವುದೆಷ್ಟು?



ಕೆಚ್ಚಲು ಬಾವಿನ ಹಸುವಿಗೆ ಚಿಕಿತ್ಸೆ ಮಾಡಲೆಂದು ಕಳೆದ ಬೇಸಿಗೆಯಲ್ಲಿ ಒಬ್ಬ ಸದಸ್ಯರ ಮನೆಗೆ ಹೋಗಿದ್ದೆ. ಇಂಜೆಕ್ಷನ್ ಕೊಟ್ಟು ಕೈ ತೊಳೆಯುವಷ್ಟರಲ್ಲಿ ಅವರು ಒಳಗಿನಿಂದ ನಾಲ್ಕು ಬಣ್ಣದ ಕರಪತ್ರಗಳನ್ನು ತಂದು ಜಗುಲಿಯ ಮೇಲೆ ಹರಡಿ, "ಡಾಕ್ಟ್ರೇ, ಇದರಲ್ಲಿ ಯಾವ ಗಾಡಿ ತಗೊಳ್ಳಲಿ ಹೇಳಿ" ಎಂದರು. ನಾನು ದನದ ಡಾಕ್ಟರು, ಗಾಡಿಯ ಮೇಸ್ತ್ರಿಯಲ್ಲ ಎಂದೆ. "ಗಾಡೀಲಿ ಹೋಗೋದು ದನ ತಾನೇ?" ಎಂದು ಅವರು ಕೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಮಾತೇ ಈ ಲೇಖನಕ್ಕೆ ಕಾರಣ.

ಒಂದು ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಸಾಗಾಣಿಕೆ ಎಂದರೆ ಎತ್ತಿನ ಗಾಡಿ, ಇಲ್ಲವೇ ಬಾಡಿಗೆ ಮೆಟಡಾರ್. ಆಮೇಲೆ ಟಾಟಾ 407, 207 ಬಂದವು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ರೈತನೂ ಸ್ವಂತಕ್ಕೆ ನಾಲ್ಕು ಚಕ್ರದ ಸರಕು ಗಾಡಿ ಇಟ್ಟುಕೊಳ್ಳಬಹುದೆಂಬ ಧೈರ್ಯ ಹುಟ್ಟಿತು. ಇಂದು ಸಂಘದ ಹಾಲಿನ ಮಾರ್ಗಕ್ಕೆ, ಮೇವಿಗೆ, ಪಶು ಆಹಾರದ ಮೂಟೆಗೆ, ಸಂತೆಯಿಂದ ರಾಸು ತರುವುದಕ್ಕೆ ಪಿಕಪ್ ಇಲ್ಲದ ಊರು ಕಡಿಮೆ. ಸಾಲ ಮಾಡಿ ಕೊಳ್ಳುವ ವಸ್ತುವಾದ್ದರಿಂದ ಅದರಲ್ಲಿರುವ ಸೌಕರ್ಯಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಎರಡು ವರ್ಷಗಳಿಂದ ನಾನು ಹೋದ ಕಡೆಯಲ್ಲೆಲ್ಲ ಪಿಕಪ್ ಇರುವ ಸದಸ್ಯರನ್ನು ಕೇಳುತ್ತ ಬಂದಿದ್ದೇನೆ: ಕಂಪನಿಯವರು ಕೊಟ್ಟದ್ದರಲ್ಲಿ ನಿಮಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಯಾವುದು? ಲೆಕ್ಕ ಬರೆದಿಟ್ಟಿಲ್ಲ. ಕೇಳಿದ್ದನ್ನೂ ಗಾಡಿಯ ಹಿಂಬದಿಯಲ್ಲಿ ನಿಂತು ನಾನೇ ಕಂಡದ್ದನ್ನೂ ಇಲ್ಲಿ ಹೇಳುತ್ತೇನೆ. ಯಾವ ಕಂಪನಿಯ ಗಾಡಿ ಒಳ್ಳೆಯದು ಎಂದು ಮಾತ್ರ ಕೇಳಬೇಡಿ.

ತಳವೇ ಮೊದಲು

ಹೋದ ವರ್ಷ ನಮ್ಮ ಶಿಬಿರ ಕಚೇರಿಯ ವ್ಯಾಪ್ತಿಯ ಒಂದು ಊರಿಗೆ ರಾತ್ರಿ ಎಂಟು ಗಂಟೆಗೆ ಕರೆ ಬಂತು. ಎರಡನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸು, ಐದು ತಿಂಗಳ ಗಬ್ಬ. ಅಂದೇ ಸಂತೆಯಲ್ಲಿ ಎಪ್ಪತ್ತೆಂಟು ಸಾವಿರಕ್ಕೆ ಕೊಂಡು ತಂದಿದ್ದರು. ಗಾಡಿ ಶೋರೂಮಿನಿಂದ ಬಂದು ತಿಂಗಳೂ ಆಗಿರಲಿಲ್ಲ, ಹೊಸ ಬಣ್ಣ ಮಿರಮಿರ ಮಿಂಚುತ್ತಿತ್ತು. ಊರ ಹೊರಗಿನ ಹಂಪಿನ ಹತ್ತಿರ ಚಾಲಕ ಬ್ರೇಕ್ ಒತ್ತಿದಾಗ, ಸಗಣಿ ಗಂಜಲದಿಂದ ಒದ್ದೆಯಾಗಿದ್ದ ಕಬ್ಬಿಣದ ತಳದ ಮೇಲೆ ಹಸುವಿನ ಹಿಂಗಾಲುಗಳು ಎರಡು ಕಡೆಗೆ ಜಾರಿ ಸೀಳಿಕೊಂಡವು. ಕಪ್ಪೆಯಂತೆ ಕಾಲು ಚಾಚಿ ಬಿದ್ದ ಹಸುವನ್ನು ಎಂಟು ಜನ ಸೇರಿ ಇಳಿಸಿದ್ದರು. ನಾನು ಹೋಗಿ ನೋಡಿದಾಗ ಒಂದು ಕಡೆಯ ಸೊಂಟದ ಕೀಲು ತಪ್ಪಿತ್ತು, ಒಳತೊಡೆಯ ಸ್ನಾಯುಗಳು ಹರಿದಿದ್ದವು. ಹುಲ್ಲಿನ ಮೆತ್ತೆ ಹಾಕಿ, ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಿಸಿ, ಮನೆಯವರು ಹನ್ನೊಂದು ದಿನ ಬಾಣಂತಿಯಂತೆ ನೋಡಿಕೊಂಡರು. ಹಸು ಏಳಲೇ ಇಲ್ಲ. ಕಿವಿಯೋಲೆ ಹಾಕಿಸಿ ವಿಮೆ ಮಾಡಿಸುವುದಕ್ಕೆ ಮೊದಲೇ ಆದದ್ದರಿಂದ ಒಂದು ಪೈಸೆಯೂ ಬರಲಿಲ್ಲ.

ಆ ಗಾಡಿಯಲ್ಲಿ ಹಾಡು ಕೇಳುವ ಪರದೆ ಇತ್ತು, ಮೊಬೈಲ್ ಚಾರ್ಜ್ ಮಾಡುವ ಎರಡು ತೂತು ಇದ್ದವು. ತಳದ ಮೇಲೆ ಒಂದು ರಬ್ಬರ್ ಹಾಸು ಇರಲಿಲ್ಲ.

ಬಹುತೇಕ ಪಿಕಪ್‌ಗಳಲ್ಲಿ ಸರಕಿನ ತೊಟ್ಟಿಯ ತಳ ಏರುತಗ್ಗಿನ ಕಬ್ಬಿಣದ ತಗಡು. ಆ ಏಣುಗಳು ಉದ್ದಕ್ಕೆ, ಅಂದರೆ ಕ್ಯಾಬಿನ್‌ನಿಂದ ಹಿಂದಿನ ಬಾಗಿಲಿನ ಕಡೆಗೆ ಇರುತ್ತವೆ. ಹಾಲಿನ ಕ್ಯಾನು, ಮೂಟೆ, ತರಕಾರಿ ಕ್ರೇಟು ಎಳೆದು ಜರುಗಿಸಲು ಇದು ಬಹಳ ಅನುಕೂಲ, ಕ್ಯಾನಿನ ಮಾರ್ಗದವರು ಇದನ್ನು ಮೆಚ್ಚುತ್ತಾರೆ. ಆದರೆ ಬ್ರೇಕ್ ಹಾಕಿದಾಗ ರಾಸು ಜಾರುವುದೂ ಅದೇ ದಿಕ್ಕಿಗೆ! ಕ್ಯಾನು ಸುಲಭವಾಗಿ ಜರುಗುವ ತಳದಲ್ಲಿ ಗೊರಸೂ ಸುಲಭವಾಗಿ ಜರುಗುತ್ತದೆ. ರಾಸು ಸಾಗಿಸುವ ದಿನ ಈ ತಳವನ್ನು ಮುಚ್ಚಲೇಬೇಕು.

ಮರಳು ಹಾಕಿದರಾಯಿತು ಎಂದು ಹಲವರು ಹೇಳುತ್ತಾರೆ. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ತಳದಲ್ಲಿ ಎರಡು ಅಂಗುಲ ಮರಳು ಹರಡಿದರೆ ಅದರ ತೂಕ 350 ಕಿಲೋ ದಾಟುತ್ತದೆ. ಒಂದು ರಾಸನ್ನು ಹೆಚ್ಚಾಗಿ ಹೇರಿದಂತೆಯೇ. ಅದಕ್ಕಿಂತ ಕೊಟ್ಟಿಗೆಯಲ್ಲಿ ಹಾಸುವ ರಬ್ಬರ್ ಮ್ಯಾಟನ್ನೇ ತಂದು, ಸಂದು ಬಿಡದಂತೆ ಹೊಂದಿಸಿ, ಅದರ ಮೇಲೆ ನಾಲ್ಕು ಅಂಗುಲ ಭತ್ತದ ಇಲ್ಲವೆ ರಾಗಿಯ ಹುಲ್ಲು ಹರಡಿ, ಮೇಲೆ ಒಂದೆರಡು ಬಾಂಡ್ಲಿ ಮರಳು ಚಿಮುಕಿಸಿದರೆ ಸಾಕು. ಮ್ಯಾಟು ಇಲ್ಲದವರು ಒಂದೊಂದು ಅಡಿಗೆ ಒಂದರಂತೆ ಅಡ್ಡಲಾಗಿ ಮರದ ರೀಪು ಬಿಗಿದ ಹಲಗೆ ಮಾಡಿಸಿಕೊಂಡಿದ್ದಾರೆ. ಬೇಕಾದಾಗ ಇಡಬಹುದು, ಬೇಡವಾದಾಗ ತೆಗೆದು ಕೊಟ್ಟಿಗೆಯ ಗೋಡೆಗೆ ಒರಗಿಸಬಹುದು.

ತಳಕ್ಕೆ ಸಂಬಂಧಿಸಿದ ಇನ್ನೊಂದು ಮಾತು: ಶೋರೂಮಿನಲ್ಲಿ ಗಾಡಿ ನೋಡುವಾಗ ಮೊಣಕಾಲೂರಿ ತೊಟ್ಟಿಯ ಕೆಳಗೆ ನೋಡಿ. ನೀರು ಹೊರಹೋಗುವ ತೂತು ಎಲ್ಲಿವೆ? ಅವುಗಳ ಕೆಳಗೆ ಏನಿದೆ? ಗಂಜಲದ ಲವಣ, ಅಮೋನಿಯಾ ಎರಡೂ ಕಬ್ಬಿಣವನ್ನು ತಿನ್ನುತ್ತವೆ. ಸೈಲೇಜಿನಿಂದ ಸೋರುವ ಹುಳಿನೀರು ಅದಕ್ಕಿಂತ ಕೆಟ್ಟದ್ದು. ತೂತು ಸರಿಯಾಗಿ ವೈರಿಂಗಿನ ಮೇಲೋ ಬ್ರೇಕಿನ ಪೈಪಿನ ಮೇಲೋ ಬಂದಿದ್ದರೆ ಎರಡೇ ವರ್ಷದಲ್ಲಿ ಅದರ ಫಲ ಗೊತ್ತಾಗುತ್ತದೆ. ತೂತಿಗೆ ಒಂದು ಗೇಣು ರಬ್ಬರ್ ಕೊಳವೆ ಸಿಕ್ಕಿಸಿ ಪಕ್ಕಕ್ಕೆ ತಿರುಗಿಸಿದ ಸದಸ್ಯರೊಬ್ಬರ ಗಾಡಿ ಆರನೇ ವರ್ಷದಲ್ಲೂ ಗಟ್ಟಿಯಾಗಿದೆ.

ಮೂರು ಕಡೆ ತೆರೆಯುವ ಬಾಗಿಲು

ಕಂಪನಿ ಕೊಡುವ ಸೌಕರ್ಯಗಳಲ್ಲಿ ಹಾಲಿನ ಮಾರ್ಗದವರು ಒಂದೇ ಬಾಯಿಯಲ್ಲಿ ಹೊಗಳಿದ್ದು ಇದನ್ನು. ಎರಡು ಪಕ್ಕ ಮತ್ತು ಹಿಂದಿನ ಬಾಗಿಲು ಮೂರೂ ಕೆಳಗೆ ಬೀಳುವಂತಿದ್ದರೆ ಸಂಘದ ಕಟ್ಟೆಗೆ ಗಾಡಿಯನ್ನು ಯಾವ ಕಡೆಯಿಂದ ತಂದರೂ ಕ್ಯಾನು ಇಳಿಸಬಹುದು. ಒಳಗಿರುವ ಕ್ಯಾನು ತೆಗೆಯಲು ಹೊರಗಿನ ಹತ್ತು ಕ್ಯಾನು ಸರಿಸಬೇಕಾಗಿಲ್ಲ. ಒಂದೊಂದು ಸಂಘದಲ್ಲಿ ಐದು ನಿಮಿಷ ಉಳಿದರೆ ಹನ್ನೆರಡು ಸಂಘಗಳ ಮಾರ್ಗದಲ್ಲಿ ಒಂದು ಗಂಟೆ. ತಂಪಾಗದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುವಷ್ಟು ವೇಗವಾಗಿ ಬೆಳೆಯಬಲ್ಲವು ಎಂಬುದನ್ನು ನೆನೆದರೆ, ಬೇಸಿಗೆಯಲ್ಲಿ ಆ ಒಂದು ಗಂಟೆ ಹಾಲು ಒಡೆಯುವುದಕ್ಕೂ ಉಳಿಯುವುದಕ್ಕೂ ಇರುವ ಅಂತರ. ಬಾಗಿಲಿನ ಹೊರಗೆ ಹಗ್ಗ ಕಟ್ಟುವ ಕೊಂಡಿಗಳು ಹೆಚ್ಚಾಗಿದ್ದಷ್ಟೂ ಒಳ್ಳೆಯದು. ಹುಲ್ಲು ಹೇರಿದವರಿಗೆ ಇದರ ಬೆಲೆ ಗೊತ್ತು.

ಆದರೆ ಇದೇ ಬಾಗಿಲು ರಾಸು ಸಾಗಿಸುವವರಿಗೆ ಉಪಯೋಗಕ್ಕಿಲ್ಲ, ಅಪಾಯವೂ ಹೌದು. ಕಂಪನಿಯ ಬಾಗಿಲಿನ ಎತ್ತರ ರಾಸಿನ ಮೊಣಕಾಲಿನ ಸುತ್ತಮುತ್ತಲೇ ಮುಗಿಯುತ್ತದೆ. ಮಿಶ್ರತಳಿ ಹಸುವಿನ ಬೆನ್ನಿನ ಎತ್ತರ ನಾಲ್ಕೂವರೆ ಅಡಿಯ ಹತ್ತಿರ. ಮೊಣಕಾಲಿಗೆ ತಡೆ ಇದ್ದು ಮೇಲೆ ಏನೂ ಇಲ್ಲದಿದ್ದರೆ ತಿರುವಿನಲ್ಲಿ ಪ್ರಾಣಿ ಹೊರಕ್ಕೇ ಉರುಳುತ್ತದೆ. ಬಾಡಿ ಕಟ್ಟುವವರ ಹತ್ತಿರ ಪೈಪಿನ ಕಟಾಂಜನ ಮಾಡಿಸಲೇಬೇಕು. ಅದನ್ನು ಬಾಗಿಲಿಗೆ ಬೆಸುಗೆ ಹಾಕಿಸಬೇಡಿ, ಬಾಗಿಲಿನ ಕೀಲು ಆ ಭಾರಕ್ಕೆ ಮಾಡಿದ್ದಲ್ಲ. ತೊಟ್ಟಿಯ ಮೂಲೆಯ ಕಂಬಗಳಿಗೂ ಅಡಿಯ ಚೌಕಟ್ಟಿಗೂ ಬೋಲ್ಟಿನಿಂದ ಬಿಗಿಸಿ. ಬಿಚ್ಚುವಂತಿದ್ದರೆ ಬೆಳಿಗ್ಗೆ ಕ್ಯಾನಿಗೂ ಆಗುತ್ತದೆ, ಸಂತೆಯ ದಿನ ರಾಸಿಗೂ ಆಗುತ್ತದೆ. ರಾಸನ್ನು ಕಟ್ಟುವುದೂ ಈ ಕಟಾಂಜನಕ್ಕೇ. ಮೂಗುದಾರಕ್ಕೆ ಹಗ್ಗ ಹಾಕಿ ಗಾಡಿಗೆ ಬಿಗಿಯುವವರನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. ಒಂದು ಜೋರು ಬ್ರೇಕಿಗೆ ಮೂಗಿನ ಹೊಳ್ಳೆ ಹರಿದ ಎತ್ತಿಗೆ ಹೊಲಿಗೆ ಹಾಕಿದವನು ನಾನು. ಕೊರಳ ಹಗ್ಗ ಇಲ್ಲವೇ ಮುಖದ ಹಗ್ಗವನ್ನು, ತಲೆ ಆಡಿಸಲು ಆಗುವಷ್ಟು ಸಡಿಲ ಬಿಟ್ಟು, ಎಳೆದರೆ ಬಿಚ್ಚುವ ಗಂಟಿನಲ್ಲಿ ಕಟ್ಟಬೇಕು.

ತೊಟ್ಟಿಯ ತಳ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದ್ದರೆ ಹತ್ತಿಸುವ ಹಲಗೆ ಎಂಟು ಅಡಿಯಾದರೂ ಉದ್ದವಿರಬೇಕು. ಅದಕ್ಕಿಂತ ಗಿಡ್ಡವಾದರೆ ಏರು ಕಡಿದಾಗಿ ರಾಸು ಹಿಂಜರಿಯುತ್ತದೆ, ನಾವು ಬಾಲ ತಿರುಚುತ್ತೇವೆ, ಅದು ನೆಗೆಯುತ್ತದೆ, ಕಾಲು ಸಂದಿನಲ್ಲಿ ಸಿಗುತ್ತದೆ. ಹಿಂದಿನ ಬಾಗಿಲನ್ನೇ ಇಳಿಬಿಟ್ಟು ಏಣಿಯಂತೆ ಬಳಸುವವರಿದ್ದಾರೆ. ಬಾಗಿಲಿನ ಸರಪಳಿ 450 ಕಿಲೋದ ಹಸು ನಿಲ್ಲಲೆಂದು ಕೊಟ್ಟದ್ದಲ್ಲ. ಹಲಗೆ ಇಲ್ಲವಾದರೆ ಊರಿನ ಯಾವುದಾದರೂ ದಿಣ್ಣೆಗೆ, ಕ್ಯಾನು ಇಳಿಸುವ ಕಟ್ಟೆಗೆ ಗಾಡಿಯನ್ನು ಹಿಂದಕ್ಕೆ ಕೊಡಿ.

ಎಷ್ಟು ರಾಸು, ಎಷ್ಟು ಕ್ಯಾನು?

ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುವ ಭಾರದ ಅಂಕಿಯನ್ನು ನಂಬುವ ಮೊದಲು ಆರ್.ಸಿ.ಯಲ್ಲಿ ನಮೂದಾಗುವ ಎರಡು ಅಂಕಿಗಳನ್ನು ನೋಡಬೇಕು. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಸರಕು ತುಂಬಿದ ಗಾಡಿಯ ಗರಿಷ್ಠ ತೂಕ. ಇವೆರಡರ ವ್ಯತ್ಯಾಸವೇ ನೀವು ಹೇರಬಹುದಾದ ಭಾರ. ನೀವು ಮಾಡಿಸುವ ಕಟಾಂಜನ, ರಬ್ಬರ್ ಹಾಸು, ಜೊತೆಗೆ ಕೂರುವ ಆಳು ಎಲ್ಲವೂ ಅದರಲ್ಲೇ ಕಳೆಯಬೇಕು. ಒಂದು ಉದಾಹರಣೆ: ವ್ಯತ್ಯಾಸ 1,200 ಕಿಲೋ ಇದ್ದು, ಕಟಾಂಜನ ಇತ್ಯಾದಿ 200 ಕಿಲೋ ಆದರೆ ಉಳಿಯುವುದು 1,000 ಕಿಲೋ. ನಲವತ್ತು ಲೀಟರಿನ ಕ್ಯಾನಿನಲ್ಲಿ ಹಾಲು 41 ಕಿಲೋ, ಅಲ್ಯೂಮಿನಿಯಂ ಕ್ಯಾನು ಸೇರಿ 50 ಕಿಲೋ ಎಂದು ಹಿಡಿಯಿರಿ. ಇಪ್ಪತ್ತು ಕ್ಯಾನಿಗೆ ಲೆಕ್ಕ ಮುಗಿಯಿತು. ತೊಟ್ಟಿಯಲ್ಲಿ ಇನ್ನೂ ಹತ್ತು ಕ್ಯಾನಿಗೆ ಜಾಗ ಕಾಣುತ್ತದೆ, ಅದೇ ಮೋಸ.

ರಾಸುಗಳ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಭಾರ ಹಿಡಿಯುತ್ತದೆ, ಜಾಗ ಹಿಡಿಯುವುದಿಲ್ಲ. 2016ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ 125-ಇ ನಿಯಮದ ಪ್ರಕಾರ ಒಂದು ಹಸು ಅಥವಾ ಎಮ್ಮೆಗೆ 2 ಚದರ ಮೀಟರ್, ಅಂದರೆ ಸುಮಾರು 21½ ಚದರ ಅಡಿ ಜಾಗ ಕೊಡಬೇಕು, ನಡುವೆ ಭದ್ರವಾದ ಅಡ್ಡತಡೆ ಇರಬೇಕು. ಏಳು ಅಡಿಗೆ ಸುಮಾರು ಐದು ಅಡಿಯ ಸಣ್ಣ ಗಾಡಿಯಲ್ಲಿ ಇದರಂತೆ ಹೋಗಬಹುದಾದದ್ದು ಒಂದೇ ರಾಸು. ಒಂಬತ್ತು ಅಡಿಗೆ ಐದೂವರೆ ಅಡಿಯ ಪಿಕಪ್‌ನಲ್ಲಿ ಎರಡು. ಹತ್ತು ಅಡಿ ಉದ್ದದ ತೊಟ್ಟಿಗೆ ಹೆಚ್ಚು ಹಣ ಕೊಟ್ಟರೂ ಎರಡೇ! ಹುಲ್ಲು, ಕ್ರೇಟು ಹೇರುವವರಿಗೆ ಆ ಒಂದು ಅಡಿ ಲಾಭ. ರಾಸಿಗಾಗಿಯೇ ಕೊಳ್ಳುವವರಿಗೆ ಅದರಿಂದ ಏನೂ ಬಾರದು. ಬಾಡಿಗೆಗೆ ರಾಸು ಸಾಗಿಸುವುದನ್ನೇ ಕಸುಬು ಮಾಡಿಕೊಳ್ಳುವವರು ಈ ನಿಯಮದಂತೆ ಆರ್.ಟಿ.ಓ. ಕಚೇರಿಯಿಂದ ಅದಕ್ಕೆಂದೇ ಪರವಾನಗಿ ಪಡೆಯಬೇಕಾಗುತ್ತದೆ.

"ಒತ್ತೊತ್ತಾಗಿ ನಿಲ್ಲಿಸಿದರೆ ಒಂದಕ್ಕೊಂದು ಆಸರೆ ಡಾಕ್ಟ್ರೇ" ಎಂದು ವಾದ ಮಾಡಿದವರಿದ್ದಾರೆ. ಬೀಳುವವರೆಗೆ ಆಸರೆ ನಿಜ. ಒಮ್ಮೆ ಒಂದು ಬಿದ್ದರೆ ಏಳಲು ಜಾಗವಿಲ್ಲ, ಮಿಕ್ಕವು ಅದರ ಮೇಲೆಯೇ ನಿಲ್ಲುತ್ತವೆ. ಹಾಗೆಂದು ಒಂದೇ ಕರುವನ್ನು ದೊಡ್ಡ ತೊಟ್ಟಿಯಲ್ಲಿ ಬಿಡಿಯಾಗಿ ನಿಲ್ಲಿಸುವುದೂ ತಪ್ಪು, ಅದು ಚೆಂಡಿನಂತೆ ಪುಟಿಯುತ್ತದೆ. ಅಡ್ಡತಡೆ ಬೇಕೆನ್ನುವುದು ಇದಕ್ಕೇ.

ಹೆಚ್ಚು ಭಾರ ಹೇರುವ ಆಸೆಗೆ ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚಿಗೆ ಹಾಕಿಸುವುದು ನಮ್ಮಲ್ಲಿ ರೂಢಿ. ಹಲವು ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿನ ಹತ್ತಿರ ಒಂದು ಸಣ್ಣ ಸನ್ನೆ ಮತ್ತು ಕವಾಟ ಇರುತ್ತದೆ. ಗಾಡಿಯ ಹಿಂಭಾಗ ಎಷ್ಟು ಕುಗ್ಗಿದೆ ಎಂಬುದನ್ನು ಗ್ರಹಿಸಿ, ಭಾರ ಇದ್ದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ, ಖಾಲಿ ಇದ್ದಾಗ ಕಡಿಮೆ ಒತ್ತಡ ಕೊಡುವುದು ಅದರ ಕೆಲಸ. ಹೆಚ್ಚು ಪ್ಲೇಟು ಹಾಕಿಸಿದರೆ ಭಾರ ಹೇರಿದರೂ ಗಾಡಿ ಕುಗ್ಗುವುದಿಲ್ಲ. ಕವಾಟ ಗಾಡಿ ಖಾಲಿ ಇದೆಯೆಂದು ತಿಳಿಯುತ್ತದೆ, ಹಿಂದಿನ ಬ್ರೇಕು ಬೇಕಾದಷ್ಟು ಹಿಡಿಯುವುದಿಲ್ಲ. ಮಾಲೀಕರಲ್ಲಿ ಹೆಚ್ಚಿನವರಿಗೆ ಇದು ತಮ್ಮ ಗಾಡಿಯಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಒಬ್ಬರು ಅದನ್ನು ತಂತಿಯಿಂದ ಕಟ್ಟಿಹಾಕಿಸಿದ್ದರು, "ಮೇಸ್ತ್ರಿ ಬೇಡ ಅಂದ" ಎಂಬ ಕಾರಣಕ್ಕೆ. ಪಾಪ, ಕಂಪನಿ ಕೊಟ್ಟ ಅತ್ಯಂತ ಉಪಯುಕ್ತ ವಸ್ತುಗಳಲ್ಲಿ ಅದೂ ಒಂದು. ಸ್ಪ್ರಿಂಗ್ ಬಿರುಸಾದ ಗಾಡಿ ಅರ್ಧ ಭಾರದಲ್ಲಿ ಕುಕ್ಕುತ್ತ ಹೋಗುವುದರಿಂದ ರಾಸಿಗೂ ಆಯಾಸ. ಪೂರ್ತಿ ತುಂಬದ ಕ್ಯಾನಿನಲ್ಲಿ ಹಾಲು ಕಡೆದಂತಾಗಿ ಬೆಣ್ಣೆಯ ಕಾಳು ತೇಲುವುದನ್ನೂ ನೋಡಿದ್ದೇನೆ. ಸಂಘದಲ್ಲಿ ಸರಿಯಾಗಿದ್ದ ಜಿಡ್ಡಿನ ಅಂಶ ಡೇರಿಯಲ್ಲಿ ಏಕೆ ಕಡಿಮೆ ಬಂತು ಎಂದು ಹಾಲು ಪರೀಕ್ಷಕರ ಮೇಲೆ ಅನುಮಾನ ಪಡುವ ಮೊದಲು ಗಾಡಿಯ ಹಿಂದಿನ ಪ್ಲೇಟುಗಳನ್ನೂ ಎಣಿಸಿ ನೋಡಬಹುದು.

ಹೊಗೆ ಕೊಳವೆಯ ಜಾಲರಿ

ದೇಶದಲ್ಲಿ 2020ರ ಏಪ್ರಿಲ್ 1ರಿಂದ ಮಾರಾಟವಾದ ಹೊಸ ಗಾಡಿಗಳೆಲ್ಲ ಬಿ.ಎಸ್.-6 ದರ್ಜೆಯವು. ಡೀಸೆಲ್ ಗಾಡಿಗಳಲ್ಲಿ ಹಲವಕ್ಕೆ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದೆ. ಹಿಡಿದ ಮಸಿಯನ್ನು ಎಂಜಿನ್ನೇ ಆಗಾಗ ಬಿಸಿ ಮಾಡಿ ಸುಟ್ಟು ಬೂದಿ ಮಾಡಿಕೊಳ್ಳುತ್ತದೆ. ಇದಕ್ಕೆ ಗಾಡಿ ಒಂದೇ ಸಮನಾದ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಹಾಲಿನ ಮಾರ್ಗದ ಗಾಡಿ ಓಡುವ ರೀತಿ ನಿಮಗೆ ಗೊತ್ತೇ ಇದೆ: ಎರಡು ಕಿಲೋಮೀಟರು, ನಿಲ್ಲು, ಮೂರು ಕಿಲೋಮೀಟರು, ನಿಲ್ಲು. ಜಾಲರಿ ಬಿಸಿಯೇರುವುದಿಲ್ಲ, ಮಸಿ ಕಟ್ಟುತ್ತದೆ, ಮೀಟರಿನಲ್ಲಿ ದೀಪ ಹತ್ತುತ್ತದೆ. ದೀಪ ಕಂಡರೂ ವಾರಗಟ್ಟಲೆ ಹಾಗೇ ಓಡಿಸಿ, ಎಂಜಿನ್ ಶಕ್ತಿ ಕುಂದಿ ಕೊನೆಗೆ ಗ್ಯಾರೇಜಿಗೆ ಎಳೆಸಿಕೊಂಡು ಹೋದವರು ನಮ್ಮ ಮಾರ್ಗಗಳಲ್ಲೇ ಇದ್ದಾರೆ. ಹಾಲು ಇಳಿಸಿ ಖಾಲಿಯಾದ ಮೇಲೆ ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಸಮನಾಗಿ ಓಡಿಸುವುದು, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಂಜಿನ್ ಆಯಿಲನ್ನೇ ಹಾಕಿಸುವುದು ಇದಕ್ಕೆ ಉಪಾಯ. ಮಸಿ ಸುಡುವ ಹೊತ್ತಿನಲ್ಲಿ ಹೊಗೆ ಕೊಳವೆ ಬೆಂಕಿಯಂತೆ ಕಾದಿರುತ್ತದೆ. ಆಗ ಗಾಡಿಯನ್ನು ಬಣವೆಯ ಪಕ್ಕದಲ್ಲಿ, ಒಣಹುಲ್ಲು ಚೆಲ್ಲಿದ ಕಣದಲ್ಲಿ ನಿಲ್ಲಿಸಲೇಬಾರದು. ದಿನವೂ ಸಣ್ಣ ಮಾರ್ಗದಲ್ಲೇ ಓಡುವುದಾದರೆ ಪೆಟ್ರೋಲ್ ಅಥವಾ ಸಿ.ಎನ್.ಜಿ. ಗಾಡಿಯ ಬಗ್ಗೆ ಯೋಚಿಸುವುದು ವಾಸಿ. ಸಿ.ಎನ್.ಜಿ.ಯಾದರೆ ಸಿಲಿಂಡರಿನ ತೂಕ ಎಷ್ಟು, ಬಂಕ್ ಎಷ್ಟು ದೂರ ಎಂಬುದನ್ನು ಕೇಳಿಕೊಳ್ಳಿ.

ಕೆಲವು ದೊಡ್ಡ ಎಂಜಿನ್‌ಗಳಿಗೆ ಬೇರೆ ತೊಟ್ಟಿಯಲ್ಲಿ ಯೂರಿಯಾ ದ್ರಾವಣ ಹಾಕಬೇಕು. ಅದು ಶೇ. 32.5ರಷ್ಟು ಶುದ್ಧ ಯೂರಿಯಾ ಇರುವ, ಲವಣಾಂಶ ತೆಗೆದ ನೀರಿನಲ್ಲಿ ಮಾಡಿದ ದ್ರಾವಣ. ಹುಲ್ಲು ಪೌಷ್ಟೀಕರಿಸಲು ನಾವು ಹೇಳಿಕೊಡುವ, ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ಚೀಲ ಮನೆಯಲ್ಲೇ ಇದೆಯಲ್ಲ, ಅದನ್ನೇ ಬಾವಿಯ ನೀರಿನಲ್ಲಿ ಕಲಸಿ ಹಾಕಿದರೇನು ಎಂದು ಒಬ್ಬರು ಕೇಳಿದರು. ದಯವಿಟ್ಟು ಬೇಡ. ಹೊಲದ ಯೂರಿಯಾ ಹುಲ್ಲಿಗೆ ಸರಿ, ಗಾಡಿಗಲ್ಲ.

ಉಳಿದವು

ಪವರ್ ಸ್ಟೀರಿಂಗ್‌ಗೆ ಕೊಟ್ಟ ದುಡ್ಡಿಗೆ ಯಾರೂ ಮರುಗಲಿಲ್ಲ. ಮಹಿಳಾ ಸಂಘವೊಂದರ ಸದಸ್ಯೆ ತಾವೇ ಬಿ.ಎಂ.ಸಿ.ಗೆ ಹಾಲು ತರುತ್ತಾರೆ. ಅದಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ ಎಂದರು. ಎ.ಸಿ. ದಂಡ ಎಂದು ನಾನು ತಿಳಿದಿದ್ದೆ. ಮೂವತ್ತು ವರ್ಷ ಗಾಡಿ ಓಡಿಸಿದ ಚಾಲಕರೊಬ್ಬರು, "ಸ್ವಾಮಿ, ಏಪ್ರಿಲ್‌ನಲ್ಲಿ ಬೆವರಿ ಬೇಸತ್ತವನು ಹಂಪು ನೋಡಿ ಬ್ರೇಕ್ ಹಾಕಲ್ಲ" ಎಂದರು. ಮಾತು ನಿಜವಿರಬಹುದು. ದೊಡ್ಡ ಪರದೆ, ಹೊಳೆಯುವ ಪಟ್ಟಿ, ಚಕ್ರದ ಮುಚ್ಚಳ ಇವುಗಳ ಬಗ್ಗೆ ಬರೆಯುವುದೇನಿದೆ? ಹಿಂದೆ ನೋಡುವ ಕ್ಯಾಮೆರಾ ಮೊದಲ ಸಲ ರಾಸು ಹೇರಿದಾಗಲೇ ಸಗಣಿ ಮೆತ್ತಿಕೊಂಡು ಕುರುಡಾಗುತ್ತದೆ, ದಿನಾ ಒರೆಸುವವರಿಗೆ ಮಾತ್ರ ಅದು. ಗಾಡಿ ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸುವ ಸೌಕರ್ಯವನ್ನು ಹೆಚ್ಚಿನವರು ಒಂದು ತಿಂಗಳು ನೋಡಿ ಬಿಟ್ಟಿದ್ದಾರೆ. ಮಗ ಗಾಡಿ ತೆಗೆದುಕೊಂಡು ಸಂಜೆ ಎಲ್ಲಿ ನಿಲ್ಲಿಸುತ್ತಾನೆ ಎಂದು ತಿಳಿಯಲು ಒಬ್ಬ ತಾಯಿ ಮಾತ್ರ ಇಂದಿಗೂ ಬಳಸುತ್ತಾರಂತೆ.

ಹಿಂದೆ ಆಸನ ಇರುವ ಜೋಡಿ ಕ್ಯಾಬಿನ್ನಿನ ಗಾಡಿಯಲ್ಲಿ ತೊಟ್ಟಿ ಗಿಡ್ಡವಾಗುತ್ತದೆಂದು ನಮ್ಮವರು ಮೂಗು ಮುರಿಯುತ್ತಾರೆ. ಆದರೆ ಕೂಲಿಯ ಹೆಣ್ಣುಮಕ್ಕಳನ್ನು ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಹೋಗುವವರು ಒಂದು ವಿಷಯ ತಿಳಿದಿರಬೇಕು. ಸರಕು ಗಾಡಿಯ ಕಡ್ಡಾಯ ವಿಮೆಯ ರಕ್ಷಣೆ 1994ರ ತಿದ್ದುಪಡಿಯಿಂದ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೂ ಸಿಗುತ್ತದೆ. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಸಿಗುವುದಿಲ್ಲ. ಅಪಘಾತವಾದರೆ ಪರಿಹಾರದ ಹೊಣೆ ಗಾಡಿಯ ಮಾಲೀಕನ ಹೊಲದ ಪಹಣಿಯ ಮೇಲೆ ಬಂದು ಕೂರಬಹುದು. ಪರವಾನಗಿಯ ಬಗ್ಗೆ ಎರಡು ಮಾತು: ತುಂಬಿದ ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಕೊಳ್ಳುವಾಗ ಈ ಗಡಿ ನೆನಪಿರಲಿ. ಲಘು ವಾಹನದ ಲೈಸೆನ್ಸ್ ಇರುವವರು 7,500 ಕಿಲೋ ತೂಕದ ಒಳಗಿನ ಸರಕು ಗಾಡಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ.

ಗಾಡಿ ತೊಳೆಯುವುದು, ಹೇರುವ ಮುನ್ನ

ಯಾವ ಕಂಪನಿಯೂ ಕೊಡದ, ಕೊಡಲಾಗದ ಸೌಕರ್ಯ ಇದು. ಒಂದೇ ಗಾಡಿಯಲ್ಲಿ ಸೋಮವಾರ ಸಂತೆಯ ರಾಸು, ಮಂಗಳವಾರ ಹಾಲಿನ ಕ್ಯಾನು ಹೋಗುತ್ತದೆ. ಕಾಲುಬಾಯಿ ರೋಗದ ವೈರಾಣು ಸಗಣಿ, ಜೊಲ್ಲು ಮೆತ್ತಿದ ತೊಟ್ಟಿಯಲ್ಲಿ ಕೂತು ಊರೂರು ಸುತ್ತುತ್ತದೆ. ರಾಸು ಇಳಿಸಿದ ಕೂಡಲೇ ಹುಲ್ಲನ್ನು ತೆಗೆದು ಸುಟ್ಟು, ತಳ ಮತ್ತು ಕಟಾಂಜನವನ್ನು ನೀರಿನಿಂದ ತೊಳೆದು, ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡ ಕರಗಿಸಿ ಬಳಿಯಿರಿ. ಅರ್ಧ ಗಂಟೆಯ ನಂತರ ಮತ್ತೆ ಚೆನ್ನಾಗಿ ತೊಳೆಯಿರಿ. ಸೋಡ ಉಳಿದರೆ ಅಲ್ಯೂಮಿನಿಯಂ ಕ್ಯಾನಿನ ತಳ ತಿನ್ನುತ್ತದೆ. ಚಕ್ರಗಳಿಗೂ ಹಾಕಲು ಮರೆಯಬೇಡಿ.

ತುಂಬು ಗಬ್ಬದ ರಾಸನ್ನು, ಅದರಲ್ಲೂ ಈಯಲು ಒಂದು ತಿಂಗಳಿಗಿಂತ ಕಡಿಮೆ ಇರುವುದನ್ನು ದೂರದ ಊರಿಂದ ತರಬೇಡಿ. ಪ್ರಯಾಣದ ಆಯಾಸ ಹಸಿವಿನಲ್ಲಿ ರಕ್ತದ ಸುಣ್ಣದಂಶ ಕುಸಿದು ರಾಸು ನಡುಗಿ ಬೀಳುವುದುಂಟು. ಕರಾವಿನ ಹಸುವಾದರೆ ಹಾಲು ಕರೆದು, ಅರ್ಧ ಹೊಟ್ಟೆ ಒಣಮೇವು ಹಾಕಿ, ನೀರು ಕುಡಿಸಿ ಹತ್ತಿಸಿ. ಬೇಸಿಗೆಯಲ್ಲಿ ಬೆಳಗಿನ ಜಾವ ಹೊರಡಿ. ತಾಡಪಾಲು ಮೇಲೆ ಮಾತ್ರ ಇರಲಿ, ಪಕ್ಕ ತೆರೆದಿರಲಿ. ಬಂದ ರಾಸನ್ನು ಎರಡು ಮೂರು ವಾರ ಬೇರೆ ಕಟ್ಟಿ, ಮೊದಲ ವಾರ ದಿನವೂ ಮೈ ಬಿಸಿ ನೋಡಿ. ಕೆಮ್ಮು, ಮೂಗಿನ ಸೋರಿಕೆ ಕಂಡರೆ ಅಂದೇ ತಿಳಿಸಿ.

ಕೊಂಡ ರಾಸಿಗೆ ವಿಮೆಯ ಮಾತನ್ನು ಗಾಡಿ ಹತ್ತಿಸುವ ಮೊದಲೇ ಮುಗಿಸಬೇಕು. ದಾರಿಯಲ್ಲಿನ ಅಪಾಯಕ್ಕೆ ರಕ್ಷಣೆ ಇದೆಯೇ ಎಂದು ವಿಮಾ ಪ್ರತಿನಿಧಿಯನ್ನು ಕೇಳಿ, ಬರಹದಲ್ಲಿ ಪಡೆಯಿರಿ. ಖರೀದಿ ರಸೀದಿ ಮತ್ತು ರಾಸು ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ ಗಾಡಿಯಲ್ಲಿ ಇರಬೇಕು. 1978ರ ಪ್ರಾಣಿ ಸಾಗಾಣಿಕೆ ನಿಯಮಗಳು ಇದನ್ನು ಕೇಳುತ್ತವೆ. ಸಂತೆಯ ದಿನ ಬೆಳಿಗ್ಗೆ ಆರು ಗಂಟೆಗೆ ಫೋನ್ ಮಾಡಿ "ಗಾಡಿ ಹೊರಟಿದೆ, ಒಂದು ಸಹಿ ಬೇಕಿತ್ತು" ಎನ್ನುವ ಸದಸ್ಯರಲ್ಲಿ ವಿನಂತಿ: ಪ್ರಾಣಿಯನ್ನು ನೋಡದೆ ಸಹಿ ಹಾಕಲಾಗುವುದಿಲ್ಲ. ನಮ್ಮ ಕಡೆಯಿಂದ ರಾಸು ಹೊರಡಿಸುವವರು ಹಿಂದಿನ ದಿನವೇ ಸಂಘದ ಕಾರ್ಯದರ್ಶಿಗೆ ಹೇಳಿ, ಹೊರಗಿನಿಂದ ತರುವವರು ಕೊಳ್ಳುವ ಊರಿನ ಪಶು ಚಿಕಿತ್ಸಾಲಯದಲ್ಲಿ ವಿಚಾರಿಸಿ. ನಾನು ಬಂದಾಗ ಗಾಡಿಯೂ ಅಲ್ಲೇ ನಿಂತಿರಲಿ, ತಳವನ್ನೂ ಒಮ್ಮೆ ನೋಡುತ್ತೇನೆ.